ಯೂ-ಟರ್ನ್ ಇಲ್ಲದ ದಾರಿ

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ತ್ರಿವಿಕ್ರಮ ಎಂದರೆ ಯಾರು ಎಂದು ಕೇಳುವವರು ಇದ್ದರು. 'ಯೂ-ಟರ್ನ್' ಎಂದರೆ ಯಾರು ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ಆ ಬಿರುದು ಬಂದು ಮೂರು ವರ್ಷವಾಗಿತ್ತು. ಮುಕಿಲ್ಟಿಯೊದ ಫೆರಿ ಹಡಗಿಗೆ ಹೊರಟಿದ್ದ ಐದು ಕಾರುಗಳ ಮುಂದಾಳತ್ವವನ್ನು ಯಾರೂ ಕೇಳದಿದ್ದರೂ ತಾನೇ ವಹಿಸಿಕೊಂಡ ತ್ರಿವಿಕ್ರಮ, ಐದನ್ನೂ ನೇರವಾಗಿ ವಿಮಾನ ಕಾರ್ಖಾನೆಯ ಗೇಟಿಗೆ ತಂದು ನಿಲ್ಲಿಸಿದ್ದ. ಕಾವಲುಗಾರ ಬ್ಯಾಡ್ಜ್ ಕೇಳಿದ. ಬಿಸಿಬೇಳೆ ಬಾತಿನ ಪಾತ್ರೆ ಬಿಟ್ಟರೆ ತೋರಿಸಲು ಯಾರ ಹತ್ತಿರವೂ ಏನೂ ಇರಲಿಲ್ಲ. ಯೂ-ಟರ್ನ್ ಹೊಡೆದು, ಹತ್ತು ನಿಮಿಷ ಸುತ್ತಿ, ಅದೇ ಗೇಟಿಗೆ ಮತ್ತೆ ಬಂದರು. ಎರಡನೆಯ ಸಲ ಕಾವಲುಗಾರ ಪರಿಚಯದ ನಗೆ ನಕ್ಕು ಕೈಬೀಸಿದ. ಅಷ್ಟರಲ್ಲಿ ಫೆರಿ ಹೊರಟುಹೋಗಿತ್ತು.

ಬೇರೆ ಯಾರಿಗಾದರೂ ಇದು ನಕ್ಕು ಮರೆಯುವ ಸಂಗತಿ. ಆದರೆ ತ್ರಿವಿಕ್ರಮನ ಉದ್ಯೋಗವೇ ಸೌತ್ ಲೇಕ್ ಯೂನಿಯನ್ ಬಡಾವಣೆಯ ಒಂದು ಕಂಪನಿಯ ಮ್ಯಾಪ್ ವಿಭಾಗದಲ್ಲಿ. ನಕ್ಷೆಯಲ್ಲಿ ಪೆಟ್ರೋಲ್ ಬಂಕಿನ ಗುರುತು ಯಾವ ಬಣ್ಣದಲ್ಲಿರಬೇಕು ಎಂಬುದು ಅವನ ಖಾತೆ. ದಾರಿ ತೋರಿಸುವುದು ಬೇರೆ ಖಾತೆ ಎಂದು ಅವನು ಎಷ್ಟು ಸಲ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಅವನು 'ಶುಭೋದಯ' ಎಂದು ಬರೆದರೂ ಯಾರಾದರೊಬ್ಬರು ಬಾಗಿದ ಬಾಣದ ಗುರುತು ಹಾಕುತ್ತಿದ್ದರು. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದೇ ಒಂದು ಸಲ ಜನರನ್ನು ಕರೆದುಕೊಂಡು ಹೋಗಿ, ಎಲ್ಲೂ ತಿರುಗಿಸದೆ ವಾಪಸು ತಂದರೆ ಈ ಹೆಸರು ತೊಲಗುತ್ತದೆ ಎಂದು ಅವನು ನಂಬಿದ್ದ.

ಜುಲೈ ತಿಂಗಳ ಒಂದು ದಿನ ಅವನಿಗೆ ಉಪಾಯ ಹೊಳೆಯಿತು. ಮೌಂಟನ್ ಲೂಪ್ ಹೈವೇ! ಗ್ರಾನೈಟ್ ಫಾಲ್ಸ್ ಊರಿನಿಂದ ಹೊರಟರೆ ಬೆಟ್ಟ ಹತ್ತಿ, ಕಣಿವೆ ದಾಟಿ, ಸಾಕ್ ಎಂಬ ಕಾಡುನದಿಯ ದಡಕ್ಕಂಟಿಕೊಂಡು ಇಳಿದು, ಡ್ಯಾರಿಂಗ್ಟನ್ ಊರಿನ ಮೂಲಕ ಸುತ್ತಿಬರುವ ರಸ್ತೆ. ಮಧ್ಯದಲ್ಲಿ ಹದಿನಾಲ್ಕು ಮೈಲಿ ಬರೀ ಜಲ್ಲಿಹಾದಿ. ಫೋನ್ ಸಿಗ್ನಲ್ ಇಲ್ಲ. ಅದೆಲ್ಲಕ್ಕಿಂತ ಮುಖ್ಯವಾಗಿ, ಅದು ಲೂಪ್. ಹೋದ ದಾರಿಯಲ್ಲಿ ಬರಬೇಕಿಲ್ಲ.

"ಯೂ-ಟರ್ನ್ ಹೊಡೆಯೋಕೆ ಅವಕಾಶಾನೇ ಇಲ್ಲ ಕಣೇ!" ಎಂದು ಅವನು ಹೆಂಡತಿ ಜಾನಕಿಗೆ ಹೇಳಿದ.

"ನೀವು ಮನಸ್ಸು ಮಾಡಿದ್ರೆ ಅವಕಾಶ ಮಾಡ್ಕೋತೀರಾ," ಎಂದಳು ಜಾನಕಿ, ಹುಣಸೆಹಣ್ಣು ಕಿವುಚುತ್ತ.

ಗುಂಪಿನಲ್ಲಿ ಅವನು ಪ್ರಕಟಣೆ ಹಾಕಿದ: 'ನನಗೆ ಈ ರಸ್ತೆ ಅಂಗೈ ರೇಖೆಯಷ್ಟು ಪರಿಚಿತ. ಬರುವವರು ಹೆಸರು ಕೊಡಿ.' ಅಂಗೈ ರೇಖೆಯಷ್ಟು ಪರಿಚಿತವಾಗಿದ್ದದ್ದು ಆ ರಸ್ತೆಯ ಬಗ್ಗೆ ಯಾರೋ ಹಾಕಿದ್ದ ಹನ್ನೊಂದು ನಿಮಿಷದ ವಿಡಿಯೊ. ಮೂವತ್ತೆಂಟು ಜನ ಬಾಗಿದ ಬಾಣ ಹಾಕಿದರು. ಬರುತ್ತೇವೆಂದವರು ಎರಡೇ ಮನೆಯವರು. ಒಬ್ಬರು ರೆಂಟನ್ನಿನಲ್ಲಿ ಮೂವತ್ತು ವರ್ಷ ವಿಮಾನ ಜೋಡಿಸಿ ನಿವೃತ್ತರಾದ ಗಣಪತಿಯವರು. ಯೂ-ಟರ್ನ್ ಎಂಬ ಬಿರುದು ಕೊಟ್ಟವರೂ ಅವರೇ. ತಮ್ಮ ಸೃಷ್ಟಿ ಹೇಗಿದೆ ಎಂದು ಆಗಾಗ ಬಂದು ನೋಡುವ ಅಭ್ಯಾಸ ಅವರಿಗಿತ್ತು. ಇನ್ನೊಬ್ಬ ಪಕ್ಕದ ಮನೆಯ ಶಶಿಕಾಂತ, ಅವನ ಹೆಂಡತಿ ಪೂರ್ಣಿಮಾ ಮತ್ತು ಮಂಡ್ಯದಿಂದ ಮೂರು ತಿಂಗಳಿಗೆಂದು ಬಂದಿದ್ದ ಅವನ ತಾಯಿ ಜವರಮ್ಮ.

ಜವರಮ್ಮನಿಗೆ ಆ ವಾರ ಊಟ ಸೇರುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದೆ, ನೂರಿಪ್ಪತ್ತನಾಲ್ಕು ಅಡಿ ಆಗಿದೆ, ಮುಖ್ಯಮಂತ್ರಿ ಬಾಗಿನ ಬಿಡಲು ಬರುತ್ತಿದ್ದಾರೆ ಎಂದು ಊರಿಂದ ಫೋನು ಬಂದಿತ್ತು. ನಲವತ್ತು ವರ್ಷಗಳಲ್ಲಿ ಕಟ್ಟೆ ತುಂಬಿದಾಗಲೆಲ್ಲ ಆಕೆ ಹೋಗಿ ನೋಡಿ, ಮಾರನೆಯ ದಿನ ತಾವೂ ಒಂದು ಬಾಗಿನ ಬಿಟ್ಟು ಬಂದವರು. ಈ ಸಲ ತಪ್ಪಿತು. ನದಿಯ ಪಕ್ಕದ ರಸ್ತೆ ಎಂದು ಕೇಳಿದ್ದೇ ಆಕೆ ಸೀರೆಯ ಸೆರಗು ಕಟ್ಟಿ ಎದ್ದು ನಿಂತರು.

"ಆ ಹೊಳೆಗೆ ಕಟ್ಟೆ ಎಲ್ಲದೆ ಮಗ?" ಎಂದು ತ್ರಿವಿಕ್ರಮನನ್ನು ಕೇಳಿದರು.

"ಕಟ್ಟೆ ಇಲ್ಲ ಅವ್ವ. ಅದು ವೈಲ್ಡ್ ರಿವರ್. ಅದಕ್ಕೆ ಯಾರೂ ಅಡ್ಡ ಕಟ್ಟೋ ಹಾಗಿಲ್ಲ."

"ಕಟ್ಟೆ ಇಲ್ದೆ ಹೋದ್ರೆ ತುಂಬ್ತು ಅಂತ ಹೆಂಗ್ ಗೊತ್ತಾಯ್ತದೆ?" ಎಂದರು ಜವರಮ್ಮ. "ಆಯ್ತು ಬುಡು. ಯಾರೂ ಹಿಡ್ದಿಟ್ಕೊಂಡಿಲ್ಲ ಅಂದ್ಮೇಲೆ ಯಾವಾಗ್ಲೂ ತುಂಬಿರೋದೇಯ. ಬಾಗಿನ ಬುಡಾವ."

ಎರಡು ಬಿದಿರಿನ ಮೊರಗಳು ಆಕೆಯ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಮಂಡ್ಯದಿಂದಲೇ ಬಂದಿದ್ದವು. ಅರಿಶಿನ, ಕುಂಕುಮ, ಗಾಜಿನ ಬಳೆ, ರವಿಕೆ ಬಟ್ಟೆ, ಬೆಲ್ಲ, ಅಕ್ಕಿ, ಬೇಳೆ, ಬಾಚಣಿಗೆ ಎಲ್ಲ ಸಿದ್ಧವಾಯಿತು. ತ್ರಿವಿಕ್ರಮನ ಮಗಳು ಜಾಹ್ನವಿ, ಹದಿನಾರು ವರ್ಷದವಳು, ಅದನ್ನೆಲ್ಲ ನೋಡಿ ಹುಬ್ಬು ಏರಿಸಿದಳು. "ಅಪ್ಪಾ, ದಿಸ್ ಈಸ್ ಲಿಟರಿಂಗ್. ಪ್ರೊಟೆಕ್ಟೆಡ್ ರಿವರ್ ಅದು. ದೆ ವಿಲ್ ಫೈನ್ ಅಸ್."

"ಏನಂತದೆ ಕೂಸು?"

"ಪ್ಲಾಸ್ಟಿಕ್ ಬೇಡ ಅಂತಾಳೆ ಅವ್ವ," ಎಂದು ತ್ರಿವಿಕ್ರಮ ಅನುವಾದದಲ್ಲಿ ಸಾಕಷ್ಟು ಸ್ವಾತಂತ್ರ್ಯ ತೆಗೆದುಕೊಂಡ. ಜವರಮ್ಮ ಒಪ್ಪಿ ಪ್ಲಾಸ್ಟಿಕ್ ಬಾಚಣಿಗೆ ತೆಗೆದು ಮರದ್ದು ಇಟ್ಟರು. ಕಾನೂನಿಗೆ ಅಷ್ಟರಲ್ಲಿ ತೃಪ್ತಿಯಾಯಿತು ಎಂದು ಎಲ್ಲರೂ ಭಾವಿಸಿದರು.

ಶನಿವಾರ ಬೆಳಿಗ್ಗೆ ಮೂರು ಕಾರು ಹೊರಟವು. ತ್ರಿವಿಕ್ರಮ ಪ್ರತಿ ಕಾರಿಗೂ ಒಂದೊಂದು ವಾಕಿಟಾಕಿ ಹಂಚಿದ್ದ. ನಿಮಿಷ ನಿಮಿಷದ ಕಾರ್ಯಕ್ರಮವನ್ನು ಎಕ್ಸೆಲ್‌ನಲ್ಲಿ ಬರೆದು ಮುದ್ರಿಸಿ ಕೊಟ್ಟಿದ್ದ. ಕೊರಳಲ್ಲಿ ಸೀಟಿ ಬೇರೆ. ಜವರಮ್ಮ ಅವನ ಕಾರಿನ ಮುಂದಿನ ಬಂಪರಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿ, "ಮುಂದ್ಗಡೆ ಹೋಗೋ ಗಾಡಿ ಕಣಪ್ಪ, ದೃಷ್ಟಿ ಆಯ್ತದೆ," ಎಂದರು. ಮೂರು ವರ್ಷದಲ್ಲಿ ಅವನಿಗೆ ದೃಷ್ಟಿಯಾದೀತೆಂದು ಚಿಂತಿಸಿದ ಮೊದಲ ವ್ಯಕ್ತಿ ಆಕೆ. ತ್ರಿವಿಕ್ರಮನ ಎದೆ ತುಂಬಿಬಂತು.

ಮತ್ತೆ ಆ ದಾರಿ! ಜಲ್ಲಿಹಾದಿ ಶುರುವಾದದ್ದೇ ತಡ, ಎಲ್ಲರೂ ಕಿಟಕಿ ಇಳಿಸಿ ಕೂಗತೊಡಗಿದರು. ಎರಡೂ ಕಡೆ ಆಕಾಶಕ್ಕೆ ಹೋದ ಸೀಡರ್ ಮರಗಳು, ಮರದ ಕಾಂಡಕ್ಕೆಲ್ಲ ಹಸಿರು ಪಾಚಿ, ಮೇಲೆ ಇನ್ನೂ ಹಿಮ ಹೊತ್ತ ಬೆಟ್ಟ, ಕೆಳಗೆ ಆ ಹಿಮವೇ ಕರಗಿ ಬಂಡೆಗಳ ಮೇಲೆ ಹಾರಿ ಬರುತ್ತಿದ್ದ ನೀರು. ಒಂದು ತಿರುವಿನಲ್ಲಿ ನದಿ ಬಲಗಡೆ ಕಂಡರೆ ಇನ್ನೊಂದರಲ್ಲಿ ಎಡಗಡೆ ಕಾಣುತ್ತಿತ್ತು. ಹೊಂಡಕ್ಕೆ ಬಿದ್ದಾಗಲೆಲ್ಲ ಶಶಿಕಾಂತನ ಕಾರಿನಿಂದ "ಓಹೋ!" ಎಂಬ ಕೇಕೆ ವಾಕಿಟಾಕಿಯಲ್ಲಿ ಬರುತ್ತಿತ್ತು. ಅದು ಜವರಮ್ಮನದು.

"ಲೀಡ್ ಕಾರಿನಿಂದ ಎಲ್ಲರಿಗೂ," ಎಂದು ತ್ರಿವಿಕ್ರಮ ಗಂಭೀರವಾಗಿ ಘೋಷಿಸಿದ. "ಮುಂದೆ ಹೊಂಡ ಇದೆ. ಓವರ್."

"ಬಿದ್ದಾಯ್ತು. ಓವರ್," ಎಂದರು ಗಣಪತಿ.

ಹನ್ನೊಂದೂವರೆಗೆ ಅವನು ಬಲಕ್ಕೆ ತಿರುಗಿದ. ತಿರುಗಬಾರದಿತ್ತು. ಅದು ಎಂದೋ ಮರ ಸಾಗಿಸಲು ಮಾಡಿದ್ದ, ಯಾವ ನಕ್ಷೆಯಲ್ಲೂ ಇಲ್ಲದ ಕವಲು. ಬಾಯಲ್ಲೇ ಒಂದು ದೊಡ್ಡ ದಿಬ್ಬ. ಬಂಪರ್ ನೆಲಕ್ಕೆ ಸವರಿ ಕರ್ ಎಂದಿತು. ಇನ್ನೂರು ಗಜ ಹೋಗುವಷ್ಟರಲ್ಲಿ ದಾರಿ ಮುಗಿದು ಎದುರಿಗೆ ನದಿ ನಿಂತಿತ್ತು. ಹಿಂದಿನ ಎರಡು ಕಾರುಗಳೂ ಬಂದು ನಿಂತವು. ಗಣಪತಿಯವರ ಮುಖದಲ್ಲಿ ನಗೆ ಮೂಡುವ ಮೊದಲೇ ತ್ರಿವಿಕ್ರಮ ಕೆಳಗಿಳಿದು ಕೈ ಚಾಚಿದ.

"ಸೀಕ್ರೆಟ್ ಸ್ಪಾಟ್! ಹೊರಗಿನವರಿಗೆ ಗೊತ್ತೇ ಇಲ್ಲ. ಬಾಗಿನಕ್ಕೆ ಅಂತಲೇ ನೋಡಿಟ್ಟಿದ್ದೆ."

ಜಾಗ ನಿಜಕ್ಕೂ ಸೊಗಸಾಗಿತ್ತು. ಮರಳಿನ ಸಣ್ಣ ದಂಡೆ, ಆಚೆ ನೊರೆಯೆದ್ದು ಓಡುವ ನೀರು. ಜವರಮ್ಮ ಚಪ್ಪಲಿ ಬಿಟ್ಟು, ನೀರಿಗಿಳಿದು, ನೀರಿನ ತಣ್ಣನೆಯ ಹೊಡೆತಕ್ಕೆ ಒಂದು ಕ್ಷಣ ಉಸಿರೇ ನಿಂತು, ಮತ್ತೆ ನಕ್ಕರು. "ಅವ್ವಾ ತಾಯಿ, ನೀನು ಬಲೇ ಜೋರು ಕಣವ್ವ!" ಎಂದು ನದಿಯನ್ನು ಹೊಗಳಿ ಪೂಜೆ ಮಾಡಿ ಮೊರವನ್ನು ತೇಲಿಬಿಟ್ಟರು. ಅದು ಎರಡು ಸುತ್ತು ತಿರುಗಿ, ದಾರಿ ಹಿಡಿದು ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾಹ್ನವಿಯೂ ತಟ್ಟಿದಳು, ಆಮೇಲೆ ಸುತ್ತ ನೋಡಿ ನಿಲ್ಲಿಸಿದಳು.

ಹೊರಡುವಾಗ ಉಪಚಾರ ಶುರುವಾಯಿತು. "ನಮ್ಮ ಕಾರಲ್ಲಿ ಬನ್ನಿ ಅವ್ವ, ಆರಾಮಾಗಿ ಕೂತ್ಕೋಬಹುದು," ಎಂದಳು ಜಾನಕಿ. "ಆಯ್ತು ಕಣವ್ವ," ಎಂದರು ಜವರಮ್ಮ. "ನನ್ನ ಗಾಡಿ ಪೂರ್ತಿ ಖಾಲಿ ಇದೆ ಜವರಮ್ಮನವರೇ," ಎಂದರು ಗಣಪತಿ. "ಆಯ್ತು ಕಣಪ್ಪ," ಎಂದರು ಅವರಿಗೂ. "ಅವ್ವ, ಹತ್ತು," ಎಂದ ಶಶಿಕಾಂತ. "ಆಯ್ತು ಕಣ್ಲಾ." ಕರೆದವರಿಗೆ ಇಲ್ಲ ಎನ್ನುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಆಗ ತ್ರಿವಿಕ್ರಮ ಸೀಟಿ ಊದಿದ. ಎಕ್ಸೆಲ್ ಪ್ರಕಾರ ನಾಲ್ಕು ನಿಮಿಷ ತಡವಾಗಿತ್ತು. ಮೂರೂ ಕಾರು ಹಿಂದೆ ಮುಂದೆ ಮಾಡಿ ತಿರುಗಿಕೊಂಡವು.

"ಇದು ಯೂ-ಟರ್ನ್ ಅಲ್ವೇನ್ರೀ? ಓವರ್," ಎಂದರು ಗಣಪತಿ.

"ಅಲ್ಲ. ಇದು ತ್ರೀ-ಪಾಯಿಂಟ್ ಟರ್ನ್. ಓವರ್."

ಐದು ನಿಮಿಷದ ಮೇಲೆ ಶಶಿಕಾಂತನ ದನಿ ಬಂತು. "ಗುರು, ನಮ್ಮವ್ವ ಅಲ್ಲಿ..."

"ಶಶಿ, ಚಾನೆಲ್ ರೂಟ್ ವಿಷಯಕ್ಕೆ ಮಾತ್ರ. ಸ್ವಂತ ಮಾತು ಆಮೇಲೆ. ಓವರ್."

ಶಶಿಕಾಂತ ಗುಂಡಿ ಬಿಟ್ಟ.

ಹೀಗೆ ಬೆಟ್ಟ ನೋಡುತ್ತ, ಎರಡು ಕಡೆ ಇಳಿದು ಫೋಟೊ ತೆಗೆಯುತ್ತ ಎಂಟು ಮೈಲಿ ಹೋದರು. ಫೋಟೊಗೆ ಇಳಿದಾಗಲೂ ಜವರಮ್ಮ ಕಾಣಲಿಲ್ಲ; ಆಕೆ ಇನ್ನೊಂದು ಕಾರಿನಲ್ಲಿ ಮಲಗಿದ್ದಾರೆಂದುಕೊಂಡು ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿದರು. ಜಲ್ಲಿಹಾದಿ ಮುಗಿಯುವ ಹತ್ತಿರ, ರಬ್ಬರ್ ದೋಣಿಗಳನ್ನು ನೀರಿಗಿಳಿಸುವ ಜಾಗದಲ್ಲಿ, ರಸ್ತೆಗೆ ಅಡ್ಡಲಾಗಿ ಪೊಲೀಸ್ ಕಾರು ನಿಂತಿತ್ತು. ಅದರ ಹಿಂದೆ ಅರಣ್ಯ ಇಲಾಖೆಯ ಟ್ರಕ್ಕು, ಆಂಬುಲೆನ್ಸು, ದೋಣಿ ಎಳೆಯುವ ಇನ್ನೆರಡು ಟ್ರಕ್ಕು. ಕೆಂಪು ನೀಲಿ ದೀಪಗಳೆಲ್ಲ ಉರಿಯುತ್ತಿದ್ದವು.

ಎತ್ತರದ ಒಬ್ಬ ಮಹಿಳಾ ಪೊಲೀಸ್ ಡೆಪ್ಯುಟಿ ಬಂದು, ನದಿಯಲ್ಲಿ ಒಬ್ಬ ಹೆಂಗಸು ಮುಳುಗಿರುವ ಶಂಕೆಯಿದೆ, ನೀವೇನಾದರೂ ಕಂಡಿರಾ ಎಂದು ಕೇಳಿದಳು. ದೋಣಿಯವರಿಗೆ ಸಿಕ್ಕ ವಸ್ತುಗಳನ್ನು ಟಾರ್ಪಾಲಿನ ಮೇಲೆ ಸಾಲಾಗಿ ಇಟ್ಟಿದ್ದರು. ಒಂದು ಬಿದಿರಿನ ಬುಟ್ಟಿ. ಒಡೆದ ಬಳೆ. ಕೆಂಪು ಕೆಂಪಾದ ಬಟ್ಟೆ. ಬಾಚಣಿಗೆ. ದೋಣಿಯ ಗಡ್ಡದ ತರುಣನೊಬ್ಬ ಬಿಳುಚಿಕೊಂಡು ಪಕ್ಕದಲ್ಲಿ ಕುಳಿತಿದ್ದ.

ತ್ರಿವಿಕ್ರಮನಿಗೆ ಹೋದ ಜೀವ ಬಂದಂತಾಯಿತು. ಗಂಟಲು ಸರಿಮಾಡಿಕೊಂಡು, ಇದು ರಕ್ತವಲ್ಲ, ಕುಂಕುಮ, ಯಾರೂ ಮುಳುಗಿಲ್ಲ, ಇದು ನದಿಗೆ ನಾವು ಕೊಟ್ಟ ಉಡುಗೊರೆ ಎಂದು ಇಂಗ್ಲಿಷಿನಲ್ಲಿ ಉಪನ್ಯಾಸ ಆರಂಭಿಸಿದ.

ನದಿಗೆ ಬಳೆ ಯಾಕೆ ಎಂದು ಡೆಪ್ಯುಟಿ ಕೇಳಿದಳು.

ನಮ್ಮಲ್ಲಿ ನದಿ ಹೆಂಗಸು, ಅದರಲ್ಲೂ ಮುತ್ತೈದೆ ಎಂದ.

ಗಂಡ ಯಾರು?

ಸಮುದ್ರ.

ಡೆಪ್ಯುಟಿ ಅವನನ್ನೊಮ್ಮೆ ದಿಟ್ಟಿಸಿ, ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಳು. ಆಮೇಲೆ ಟಾರ್ಪಾಲಿನ ತುದಿಯಲ್ಲಿದ್ದ ಕೊನೆಯ ವಸ್ತುವನ್ನು ಪೆನ್ನಿನಿಂದ ಎತ್ತಿ ತೋರಿಸಿದಳು. ಹಾಗಾದರೆ ಇದು ಕೂಡ ಉಡುಗೊರೆಯೇ?

ಅದು ಒಂದು ಚಪ್ಪಲಿ. ಎಡಗಾಲಿನದು. ಪಟ್ಟಿಗೆ ನೀಲಿ ದಾರದ ಹೊಲಿಗೆ.

ಬಾಗಿನದಲ್ಲಿ ಏನೇನಿರುತ್ತದೆ ಎಂದು ತ್ರಿವಿಕ್ರಮ ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿದ. ಎಷ್ಟು ಎಣಿಸಿದರೂ ಚಪ್ಪಲಿ ಬರಲಿಲ್ಲ.

"ಅದು ನಮ್ಮವ್ವಂದು," ಎಂದ ಶಶಿಕಾಂತ.

"ಅವ್ವ ನಿಮ್ಮ ಕಾರಲ್ಲಿಲ್ವಾ?" ಎಂದಳು ಜಾನಕಿ.

"ಗಣಪತಿ ಸರ್ ಕಾರಲ್ಲಿ ಹತ್ತಿದ್ರಲ್ಲ?"

"ಏನ್ರೀ ಇದು, ಜಾನಕಿಯವರು ಕರೆದ್ರು ಅಂತ ನಾನು ಹೊರಟುಬಿಟ್ಟೆ!" ಎಂದರು ಗಣಪತಿ.

ಪೂರ್ಣಿಮಾ ಅಳತೊಡಗಿದಳು. ಶಶಿಕಾಂತ ತ್ರಿವಿಕ್ರಮನ ಕಡೆ ತಿರುಗಿದ. "ಕೇಳೋಣ ಅಂತಲೇ ವಾಕಿಟಾಕಿ ಒತ್ತಿದೆ ಗುರು. ನೀನು ಸ್ವಂತ ಮಾತು ಆಮೇಲೆ ಅಂದೆ."

ತ್ರಿವಿಕ್ರಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊರಳಿನ ಸೀಟಿ ಕಲ್ಲಿನಷ್ಟು ಭಾರವಾಯಿತು. ಯಾರೂ ಮುಳುಗಿಲ್ಲ ಎಂದು ಅವನು ಈಗತಾನೇ ಸರ್ಕಾರಕ್ಕೆ ಹೇಳಿಕೆ ಕೊಟ್ಟು ಬರೆಸಿದ್ದ.

ಎಲ್ಲಿ ಬಿಟ್ಟಿರಿ, ಮೈಲಿಕಲ್ಲು ಯಾವುದು, ಕವಲಿನ ನಂಬರ್ ಏನು ಎಂದು ಡೆಪ್ಯುಟಿ ಗಡಸಾಗಿ ಕೇಳಿದಳು. ಅರಣ್ಯ ಇಲಾಖೆಯ ರೇಂಜರ್ ನಕ್ಷೆ ಬಿಚ್ಚಿ ಬಾನೆಟ್ ಮೇಲೆ ಹಾಸಿದ. ಎಲ್ಲರೂ ತ್ರಿವಿಕ್ರಮನನ್ನು ನೋಡಿದರು.

"ನಂಬರ್ ಇಲ್ಲ," ಎಂದ ಅವನು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತನ್ನವರ ಕಡೆ ತಿರುಗಿ ಕನ್ನಡದಲ್ಲಿ. "ಅದು ಸೀಕ್ರೆಟ್ ಸ್ಪಾಟ್ ಅಲ್ಲ. ದಾರಿ ತಪ್ಪಿದ್ದೆ. ಈ ರಸ್ತೆಗೆ ನಾನು ಯಾವತ್ತೂ ಬಂದೇ ಇಲ್ಲ. ವಿಡಿಯೊ ನೋಡಿದ್ದೆ ಅಷ್ಟೆ." ಅವನು ಕಾರಿನ ಕೀಲಿ ತೆಗೆದ. "ಆದ್ರೆ ತಪ್ಪಿದ್ದು ನಾನೇ ಅಲ್ವಾ? ಎಲ್ಲಿ ಅಂತ ನನಗೆ ಗೊತ್ತಾಗತ್ತೆ. ನನ್ನ ಹಿಂದೆ ಬನ್ನಿ."

ಹೀಗೆಂದು ಕಾರಿಗೆ ಹಾರಿ, ಅಷ್ಟೂ ಜನ ನೋಡುತ್ತಿದ್ದಂತೆ, ನಟ್ಟನಡು ರಸ್ತೆಯಲ್ಲಿ ಒಂದು ಪರಿಪೂರ್ಣ ಯೂ-ಟರ್ನ್ ಹೊಡೆದ. ಅದರ ಹಿಂದೆ ಪೊಲೀಸ್ ಕಾರು ತಿರುಗಿತು. ರೇಂಜರ್ ತಿರುಗಿದ. ಆಂಬುಲೆನ್ಸು, ದೋಣಿಯ ಟ್ರಕ್ಕುಗಳು, ಶಶಿಕಾಂತ, ಗಣಪತಿ, ಎಲ್ಲ ತಿರುಗಿದರು. ಎಂಟು ವಾಹನಗಳ ದೂಳು ಮರಗಳ ಎತ್ತರಕ್ಕೆ ಎದ್ದಿತು.

ಜಲ್ಲಿಹಾದಿಯ ಬದಿಯಲ್ಲಿ ಅಂಥ ಕವಲುಗಳು ಒಂದಲ್ಲ, ಹತ್ತಾರು. ಎಲ್ಲವೂ ಒಂದೇ ಥರ. ಜಾನಕಿ ಕಣ್ಣುಮುಚ್ಚಿ ಏನೋ ಗುಣುಗುಣಿಸುತ್ತಿದ್ದಳು. ಜಾಹ್ನವಿ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ನೋಡುತ್ತಿದ್ದಳು. ಅವಳೇ ಕೂಗಿದ್ದು.

"ಅಪ್ಪಾ, ಸ್ಟಾಪ್! ಮೆಣಸಿನಕಾಯಿ!"

ಹದಿನಾರು ವರ್ಷದಲ್ಲಿ ಅವಳು ತಾನಾಗಿ ಕೂಗಿ ಹೇಳಿದ ಕನ್ನಡ ಶಬ್ದ ಅದೊಂದೇ ಇರಬೇಕು. ತ್ರಿವಿಕ್ರಮ ಬ್ರೇಕ್ ಒತ್ತಿ ಇಳಿದ. ಕವಲಿನ ಬಾಯಲ್ಲಿ, ಬಂಪರ್ ಸವರಿದ ದಿಬ್ಬದ ಮೇಲೆ, ದಾರ ಸಮೇತ ನಿಂಬೆಹಣ್ಣು ಬಿದ್ದಿತ್ತು. ಅವನು ಅದನ್ನು ಎತ್ತಿ, ಹಿಂದೆ ಬಂದು ನಿಂತ ಡೆಪ್ಯುಟಿಗೆ ಪುರಾವೆಯಂತೆ ತೋರಿಸಿದ. ಆಕೆ ಈ ಸಲ ಏನನ್ನೂ ಬರೆದುಕೊಳ್ಳಲಿಲ್ಲ.

ಇನ್ನೂರು ಗಜ. ದಾರಿ ಮುಗಿಯಿತು, ಮರಳಿನ ದಂಡೆ ಕಂಡಿತು.

ದಂಡೆಯ ಬಂಡೆಯ ಮೇಲೆ ಜವರಮ್ಮ ಕುಳಿತಿದ್ದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. ಮಡಿಲಲ್ಲಿ ಪೂಜೆಯ ಚೀಲದಲ್ಲಿದ್ದ ಪುಳಿಯೋಗರೆಯ ಡಬ್ಬಿ. ಮೆಟ್ಟಿಕೊಳ್ಳುವಾಗ ನೀರಿಗೆ ಜಾರಿದ ಚಪ್ಪಲಿಯ ಹಿಂದೆ ಸ್ವಲ್ಪ ದೂರ ಹೋಗಿ, ಅದು ಸಿಗದೆ ವಾಪಸು ಬರುವಷ್ಟರಲ್ಲಿ ಕಾರುಗಳಿರಲಿಲ್ಲವಂತೆ. ಮಕ್ಕಳು ಬಂದೇ ಬರುತ್ತವೆ ಎಂದು ಊಟ ಬಿಚ್ಚಿ ಕುಳಿತಿದ್ದರು. ಶಶಿಕಾಂತ ಓಡಿ ಹೋಗಿ ಅವರ ಕಾಲ ಬಳಿ ಕುಸಿದು ಕುಳಿತ. ಜವರಮ್ಮ ಅವನ ತಲೆ ಸವರುತ್ತ ಅವನಾಚೆಗೆ ನೋಡಿದರು. ಮರಗಳ ನಡುವಿನಿಂದ ಒಂದರ ಹಿಂದೊಂದು, ಕೆಂಪು ನೀಲಿ ದೀಪ ಮಿನುಗಿಸುತ್ತ, ಸೈರನ್ ಕೂಗಿಸುತ್ತ ವಾಹನಗಳು ಇಳಿದು ಬರುತ್ತಿದ್ದವು. ಅವರ ಮುಖ ಅರಳಿತು.

"ಬಂದ್ರಾ? ನಾನಂದ್ಕೊಂಡೆ ಕಣ್ಲಾ. ಬಾಗಿನ ಬುಟ್ಮೇಲೆ ಸೈರನ್ ಗಾಡಿ ಬರ್ದೆ ಇರ್ತವಾ? ಕನ್ನಂಬಾಡಿಗೂ ಹಿಂಗೇಯ, ಯಾವಾಗ್ಲೂ ತಡ." ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಇಳಿಯುತ್ತಿದ್ದವರನ್ನೆಲ್ಲ ನೋಡಿದರು. "ಇವ್ರಲ್ಲಿ ಮುಖ್ಯಮಂತ್ರಿ ಯಾರಪ್ಪ?"

ಜವರಮ್ಮನೇ ಹುಡುಕಿಕೊಂಡರು. ಎಲ್ಲಕ್ಕಿಂತ ಮುಂದಿನ ಕಾರಿನ ಪಕ್ಕ, ಕೈಯಲ್ಲಿ ನಿಂಬೆಹಣ್ಣು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ತ್ರಿವಿಕ್ರಮ ನಿಂತಿದ್ದ. ಆಕೆ ಕುಂಟುತ್ತ ಬಂದು, ಪೂಜೆಗೆ ಒಡೆದಿದ್ದ ತೆಂಗಿನಕಾಯಿಯ ಒಂದು ಹೋಳನ್ನು ಅವನ ಕೈಗಿಟ್ಟರು.

"ಇಷ್ಟೊಂದ್ ಗಾಡಿ ಕರ್ಕೊಂಡು ದಾರಿ ತಪ್ಪದಂಗೆ ಬಂದ್ಯಲ್ಲ ಮಗ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ತ್ರಿವಿಕ್ರಮ ಅಲ್ಲೇ ನಿಂತು ಗಳಗಳ ಅತ್ತುಬಿಟ್ಟ. ಇನ್ನೊಂದು ಹೋಳು ಡೆಪ್ಯುಟಿಗೆ ಹೋಯಿತು. ಪುಳಿಯೋಗರೆ ಗಡ್ಡದ ತರುಣನಿಗೆ ಹೋಯಿತು. ರೇಂಜರ್ ಮಾತ್ರ ಕರ್ತವ್ಯ ಬಿಡದೆ, ಸಂರಕ್ಷಿತ ನದಿಗೆ ವಸ್ತು ಹಾಕಿದ್ದಕ್ಕೆ ಹಳದಿ ಕಾಗದದಲ್ಲಿ ಎಚ್ಚರಿಕೆ ಪತ್ರ ಬರೆದು ಕೊಟ್ಟ. ಜಾಹ್ನವಿ 'ಐ ಟೋಲ್ಡ್ ಯೂ' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಜವರಮ್ಮ ಆ ಕಾಗದವನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಊರ್ಗೋದ್ಮೇಲೆ ಕಟ್ಟು ಹಾಕಿಸ್ಬೇಕು," ಎಂದರು.

ಹೊರಡುವಾಗ ಜವರಮ್ಮ ಉಳಿದೆರಡು ಕಾರನ್ನೂ ಬಿಟ್ಟು ತ್ರಿವಿಕ್ರಮನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ತ್ರಿವಿಕ್ರಮ ಮೂರು ಸಲ ಅವರನ್ನು ಮುಟ್ಟಿ ನೋಡಿ, ಬೆಲ್ಟು ಹಾಕಿ ಬಾಗಿಲು ಮುಚ್ಚಿದ. ಹಿಂದೆ ಏಳು ವಾಹನಗಳು ನದಿಗೆ ಮುಖ ಮಾಡಿ ನಿಂತಿದ್ದವು. ವಾಕಿಟಾಕಿ ಕರಕರ ಎಂದಿತು. ಗಣಪತಿಯವರ ದನಿ. ಅದರಲ್ಲಿ ನಗೆ ಇರಲಿಲ್ಲ.

"ತ್ರಿವಿಕ್ರಮ ಅವರೇ, ಎಲ್ಲರೂ ನಿಮಗೇ ಕಾಯ್ತಿದೀವಿ. ಈಗ ಹೇಗೆ ಹೋಗೋದು ಹೇಳಿ. ಓವರ್."

ತ್ರಿವಿಕ್ರಮ ಕಣ್ಣೊರೆಸಿಕೊಂಡು ಗುಂಡಿ ಒತ್ತಿದ.

"ಎಲ್ಲರೂ ಯೂ-ಟರ್ನ್ ಹೊಡೀರಿ," ಎಂದ. "ಓವರ್."